ಇಂಗ್ಲೆಂಡಿನ ಕ್ಯಾಥೊಲಿಕ್ ಶಾಲೆಗೆ ಹೊರಟಿರುವ ಮೇಡಂಗೆ

ನಮಸ್ಕಾರ ಮೇಡಂ. ದಾವಣಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೀರಿ, ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಕ್ಯಾಥೊಲಿಕ್ ಸೆಕೆಂಡರಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀರಿ. ಸಂತೋಷ. ಆದರೆ ನಿಮ್ಮ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಧರ್ಮದ್ದೇ ಇವೆ. ಪ್ರಾರ್ಥನೆ ಹೇಳಲೇಬೇಕಾ, ಕುಂಕುಮ ಇಡಬಹುದಾ, ಮತಾಂತರ ಆಗು ಅಂತಾರಾ? ನಾನೂ ಇಲ್ಲಿ ಅಂಥದ್ದೇ ಶಾಲೆಯಲ್ಲಿ ಬಹಳ ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಆ ಭಯ ಬಿಡಿ. ನಿಮ್ಮನ್ನು ಸುಸ್ತು ಮಾಡುವುದು ಪ್ರಾರ್ಥನೆಯಲ್ಲ, ಇಯರ್ ಏಟ್ ಮಕ್ಕಳು, ಅಂದರೆ ಹನ್ನೆರಡು-ಹದಿಮೂರರ ವಯಸ್ಸಿನವರು.

ಕ್ಯಾಥೊಲಿಕ್ ಶಾಲೆಯಲ್ಲಿ ಹೆಡ್‌ಟೀಚರ್, ಡೆಪ್ಯುಟಿ, ಧರ್ಮ ಪಾಠದ ಮುಖ್ಯಸ್ಥರು ಕ್ಯಾಥೊಲಿಕರೇ ಆಗಿರಬೇಕು ಎಂದು ಬಿಷಪ್ಪರ ನಿಯಮವಿದೆ. ಗಣಿತದವರಿಗೆ ಅದಿಲ್ಲ. ಶಾಲೆಯ ಕ್ಯಾಥೊಲಿಕ್ ಸ್ವರೂಪಕ್ಕೆ ವಿರುದ್ಧವಾಗಿ ನಡೆಯಬಾರದು ಎಂಬ ಮಾತು ಒಪ್ಪಂದದಲ್ಲಿ ಇರುತ್ತದೆ, ಓದಿಯೇ ಸಹಿ ಹಾಕಿ. ತರಗತಿಯ ಗೋಡೆಯ ಮೇಲೆ ಶಿಲುಬೆ ಇರುತ್ತದೆ. ಬೆಳಿಗ್ಗೆ ಪಾಠಕ್ಕೆ ಮುಂಚೆ ಹಾಜರಿ ಹಾಕುವ ಫಾರ್ಮ್ ಟೈಮಿನಲ್ಲಿ ಯಾರಾದರೂ ಒಬ್ಬ ಹುಡುಗ ಪ್ರಾರ್ಥನೆ ಓದುತ್ತಾನೆ, ನಾನು ಸುಮ್ನೆ ನಿಂತಿರುತ್ತೇನೆ. ಹಬ್ಬದ ದಿನ ಮಾಸ್ (ಪಾದ್ರಿ ನಡೆಸುವ ಪೂಜೆ) ನಡೆದರೆ ಮಕ್ಕಳ ಜೊತೆ ಹೋಗುತ್ತೇನೆ. ಎಲ್ಲರೂ ಕಮ್ಯುನಿಯನ್‌ಗೆ (ಪಾದ್ರಿ ಕೊಡುವ ಪವಿತ್ರ ರೊಟ್ಟಿ ತೆಗೆದುಕೊಳ್ಳಲು) ಎದ್ದಾಗ ಕುಳಿತೇ ಇರಬಹುದು. ಹೋಗಬೇಕೆನಿಸಿದರೆ ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡು ಹೋಗಿ, ಪಾದ್ರಿ ಆಶೀರ್ವಾದ ಮಾಡಿ ಕಳಿಸುತ್ತಾರೆ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ, ಲೆಂಟ್, ಶುರುವಾಗುವ ಬುಧವಾರ ಅರ್ಧ ಶಾಲೆ ಹಣೆಗೆ ಬೂದಿ ಹಚ್ಚಿಕೊಂಡಿರುತ್ತದೆ. ಅವತ್ತು ನನ್ನ ಕುಂಕುಮದ ಕಡೆ ನೋಡುವವರೇ ಇಲ್ಲ! ಮಲಯಾಳಿ ನರ್ಸ್‌ಗಳ ಮಕ್ಕಳು, ಪೋಲೆಂಡ್, ನೈಜೀರಿಯಾ ಕಡೆಯವರು ತುಂಬಾ ಇದ್ದಾರೆ. ಪೇರೆಂಟ್ಸ್ ಈವನಿಂಗ್‌ಗೆ ಬಂದು "ಹೋಮ್‌ವರ್ಕ್ ಸಾಕಾಗ್ತಿಲ್ಲ" ಎನ್ನುವವರು ನಮ್ಮ ಕಡೆಯ ತಾಯಂದಿರೇ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶುಕ್ರವಾರ ಕ್ಯಾಂಟೀನಿನಲ್ಲಿ ಮೀನು. ಡಬ್ಬಿ ಒಯ್ಯಿರಿ, ಸ್ಟಾಫ್ ರೂಮಿನಲ್ಲಿ ಮೈಕ್ರೋವೇವ್ ಇರುತ್ತದೆ.

ಈಗ ನೀವು ಕೇಳದೇ ಇರುವ ವಿಷಯ. ಟೀಚರ್ ಬಂದರು ಅನ್ನುವ ಒಂದೇ ಕಾರಣಕ್ಕೆ ಇಲ್ಲಿ ತರಗತಿ ಸುಮ್ಮನಾಗುವುದಿಲ್ಲ. ಹೊಸಬರು ಅಂತ ಗೊತ್ತಾದರಂತೂ ಮುಗಿದೇ ಹೋಯಿತು. ನಿಮ್ಮ ಉಚ್ಚಾರಣೆ ಅಣಕಿಸುತ್ತಾರೆ, "ಮಿಸ್, ಇದು ಜೀವನದಲ್ಲಿ ಯಾವಾಗ ಬೇಕಾಗುತ್ತೆ?" ಎನ್ನುತ್ತಾರೆ, ಕಿಟಕಿ ತೆಗೆಯಲು ಎದ್ದವನು ಐದು ನಿಮಿಷ ಅಲ್ಲೇ ಇರುತ್ತಾನೆ. ಗದರಿದರೆ ಅವರಿಗೆ ಇನ್ನೂ ಖುಷಿ. ಪ್ರತಿ ಶಾಲೆಗೂ ಬಿಹೇವಿಯರ್ ಪಾಲಿಸಿ ಅಂತ ಇರುತ್ತದೆ. ಮೊದಲು ಎಚ್ಚರಿಕೆ, ಆಮೇಲೆ ಜಾಗ ಬದಲು, ಆಮೇಲೆ ಡಿಟೆನ್ಷನ್ (ಬಿಡುವಿನಲ್ಲೋ ಶಾಲೆ ಬಿಟ್ಟ ಮೇಲೋ ಕೂರಿಸುವ ಶಿಕ್ಷೆ), ಹೀಗೆ. ಅದನ್ನು ಬಾಯಿಪಾಠ ಮಾಡಿ, ಒಂದು ಮೆಟ್ಟಿಲೂ ಬಿಡದೆ, ದನಿ ಏರಿಸದೆ ಮೊದಲ ದಿನದಿಂದಲೇ ಜಾರಿ ಮಾಡಿ. ಎಲ್ಲಿ ಯಾರು ಕೂರಬೇಕು ಎನ್ನುವುದನ್ನೂ ನೀವೇ ಬರೆದಿಟ್ಟುಕೊಳ್ಳಿ. ಮಗುವನ್ನು ಡಿಟೆನ್ಷನ್‌ಗೆ ಕಳಿಸಿದರೆ ನನಗೆ ಪಾಠ ಮಾಡಲು ಬರುವುದಿಲ್ಲ ಅಂದುಕೊಳ್ಳುತ್ತಾರೆ ಎನ್ನುವ ನಾಚಿಕೆ ನಮ್ಮವರಿಗೆ ಜಾಸ್ತಿ. ಇಲ್ಲಿ ಯಾರೂ ಹಾಗೆ ನೋಡುವುದಿಲ್ಲ.

ಇನ್ನೊಂದು, ಇದು ಗಂಭೀರ. ಮಗು ಬಂದು "ಮಿಸ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬಾರದು" ಎಂದರೆ ಆ ಮಾತು ಕೊಡಬೇಡಿ. ಕೇಳಿಸಿಕೊಳ್ಳಿ, ಅದರದೇ ಮಾತಿನಲ್ಲಿ ಬರೆದಿಡಿ, ತಡ ಮಾಡದೆ ಸೇಫ್‌ಗಾರ್ಡಿಂಗ್ (ಮಕ್ಕಳ ಸುರಕ್ಷತೆ) ನೋಡಿಕೊಳ್ಳುವವರಿಗೆ ತಿಳಿಸಿ. ನಮ್ಮೂರಲ್ಲಿ ಮನೆಯವರನ್ನು ಕರೆಸಿ ಬುದ್ಧಿ ಹೇಳಿ ಮುಗಿಸುತ್ತೇವಲ್ಲ, ಆ ದಾರಿ ಇಲ್ಲಿ ಹಿಡಿಯಬೇಡಿ.

ಪಾಠದ ವಿಷಯಕ್ಕೆ ನಿಮಗೆ ತೊಂದರೆಯಿಲ್ಲ. ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಥರ ಹದಿನಾರರ ಹೊತ್ತಿಗೆ ಬರೆಯುವ ಪರೀಕ್ಷೆ) ಗಣಿತಕ್ಕೆ ಒಂದೂವರೆ ಗಂಟೆಯ 3 ಪತ್ರಿಕೆಗಳು. ಒಂದಕ್ಕೆ ಮಾತ್ರ ಕ್ಯಾಲ್ಕುಲೇಟರ್ ಇಲ್ಲ, ಉಳಿದೆರಡಕ್ಕೆ ಇದೆ. ಮಗ್ಗಿ ಬಾರದ ಹದಿನೈದರ ಹುಡುಗನನ್ನು ನೋಡಿ ಮುಖ ಬಾಡಿಸಿಕೊಳ್ಳಬೇಡಿ.

ರಜೆ ಮಾತ್ರ ನಿಜವಾಗಿ ಕಾಡುತ್ತದೆ. ಟರ್ಮ್ ನಡೆಯುವಾಗ ನಮಗೆ ಬೇಕಾದ ದಿನ ರಜೆ ಹಾಕುವಂತಿಲ್ಲ. ಯುಗಾದಿಗೂ ಪಾಠ, ತಮ್ಮನ ಮದುವೆ ಫೆಬ್ರವರಿಯಲ್ಲಿಟ್ಟರೆ ಹೆಡ್ ಮುಂದೆ ನಿಂತು ಕೇಳಬೇಕು. ಜುಲೈ ಕೊನೆಯಿಂದ ಆರು ವಾರ ಸಿಗುತ್ತದೆ. ಅಷ್ಟೊತ್ತಿಗೆ ಊರಲ್ಲಿ ಮಾವಿನಹಣ್ಣೂ ಮುಗಿದಿರುತ್ತದೆ, ಅಕ್ಕನ ಮಕ್ಕಳಿಗೆ ಶಾಲೆಯೂ ಶುರುವಾಗಿರುತ್ತದೆ, ಟಿಕೆಟ್ ಮಾತ್ರ ದುಬಾರಿ. ಡಿಸೆಂಬರಿನಲ್ಲಿ ಎಂಟು ಗಂಟೆಯಾದರೂ ಬೆಳಕಿರುವುದಿಲ್ಲ, ಸಂಜೆ ನಾಲ್ಕಕ್ಕೆ ಕತ್ತಲು. ಪುಸ್ತಕ ತಿದ್ದುವ ಕೆಲಸ ಮನೆಗೆ ತರುವುದಿದ್ದರೂ ಭಾನುವಾರ ಒಂದು ದಿನ ಬಿಟ್ಟುಬಿಡಿ.

ಕೆಲಸ ಹಿಡಿಸದಿದ್ದರೆ ಒಂದು ತಿಂಗಳ ನೋಟಿಸ್ ಕೊಟ್ಟು ಹೊರಡಲೂ ಆಗುವುದಿಲ್ಲ. ಸಾಮಾನ್ಯವಾಗಿ ಡಿಸೆಂಬರಿಗೆ ಬಿಡಬೇಕಾದರೆ ಅಕ್ಟೋಬರ್ 31ರೊಳಗೆ, ಬೇಸಿಗೆಗೆ ಬಿಡಬೇಕಾದರೆ ಮೇ 31ರೊಳಗೆ ಬರೆದು ಕೊಡಬೇಕು. ಸಾಲದ್ದಕ್ಕೆ ನಿಮ್ಮ ವೀಸಾ ಕೆಲಸ ಕೊಟ್ಟ ಶಾಲೆಯ ಮೇಲೆಯೇ ನಿಂತಿರುತ್ತದೆ.

ಕ್ಯುಟಿಎಸ್, ಅಂದರೆ ಇಂಗ್ಲೆಂಡಿನಲ್ಲಿ ಅರ್ಹ ಶಿಕ್ಷಕರು ಎಂಬ ಮಾನ್ಯತೆ, ಅದರ ಬಗ್ಗೆ ನೀವು ಏನೂ ಬರೆದಿಲ್ಲ. 2023ರಿಂದ ಭಾರತದ ಗಣಿತ, ವಿಜ್ಞಾನ, ಭಾಷೆಯ ಶಿಕ್ಷಕರು ಅರ್ಹತೆಯಿದ್ದರೆ ಇಲ್ಲಿ ಮತ್ತೆ ತರಬೇತಿ ಪಡೆಯದೆ ಅದಕ್ಕೆ ಅರ್ಜಿ ಹಾಕಬಹುದು. ಇನ್ನೂ ಹಾಕಿಲ್ಲವಾದರೆ ಹಾಕಿ. ಹಾಗೆಯೇ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಅಲ್ಲಿರುವಾಗಲೇ ಪಾಸ್‌ಪೋರ್ಟ್ ಸೇವಾ ಕಡೆಯಿಂದ ಮಾಡಿಸಿಕೊಂಡುಬಿಡಿ, ಇಲ್ಲಿಗೆ ಬಂದ ಮೇಲೆ ಓಡಾಟ ಜಾಸ್ತಿ.