ಹೊಂದಿದ್ದು ಸರಿ, ಹೊಂದದ್ದು ಎಲ್ಲಿ?

ನಮಸ್ಕಾರ. ಹಳೆಯ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಬರುತ್ತಿದ್ದ ಅಂಕಣ ಯಾರದ್ದೆಂದು ಶೈಲಿಯಿಂದಲೇ ಪತ್ತೆ ಹಚ್ಚಿದ್ದೇನೆ ಎನ್ನುವ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು, ಬರವಣಿಗೆಯೂ ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನೀವು ಹೊಂದುವುದನ್ನು ಮಾತ್ರ ಹುಡುಕಿದ್ದೀರಿ.

ಅಂಕಣದಲ್ಲೂ ಅದನ್ನು ಬರೆದವರೆಂದು ನೀವು ಹೇಳುವ ಲೇಖಕರ ಪುಸ್ತಕಗಳಲ್ಲೂ ಬರುವ ಕೆಲವು ಅಪರೂಪದ ಪದಗಳು, ಗಾದೆಗಳು, ಒಂದು ಬೈಗುಳ. ಇಷ್ಟನ್ನು ಪಟ್ಟಿ ಮಾಡಿ ‘ಇನ್ನೇನು ಸಾಕ್ಷಿ ಬೇಕು’ ಎಂದು ಕೇಳಿದ್ದೀರಿ. ಬೇಕು, ಇನ್ನೂ ಜಾಸ್ತಿ ಬೇಕು. ಎದ್ದು ಕಾಣುವ ಪದವನ್ನು ಅಭಿಮಾನಿಯೂ ಎತ್ತಿಕೊಳ್ಳುತ್ತಾನೆ, ಅಣಕ ಮಾಡುವವನೂ ಎತ್ತಿಕೊಳ್ಳುತ್ತಾನೆ. ಬರೆಯುವವರ ಗಮನಕ್ಕೇ ಬಾರದೆ ಬಿದ್ದುಬಿಡುವ ಸಣ್ಣ ಪದಗಳನ್ನು ನಕಲು ಮಾಡುವುದು ಕಷ್ಟ.

ಒಂದು ಉದಾಹರಣೆ ನೋಡಿ. ಅಮೆರಿಕದ ಸಂವಿಧಾನವನ್ನು ಬೆಂಬಲಿಸಿ 1787–88ರಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ 85 ಪ್ರಬಂಧಗಳು ಬಂದವು. ಅವುಗಳಲ್ಲಿ 12 ಪ್ರಬಂಧಗಳನ್ನು ಬರೆದದ್ದು ಆ ಕಾಲದ ರಾಜಕಾರಣಿ ಹ್ಯಾಮಿಲ್ಟನ್ನೋ ಇನ್ನೊಬ್ಬ ರಾಜಕಾರಣಿ ಮ್ಯಾಡಿಸನ್ನೋ ಎಂಬ ಜಗಳ ಬಹಳ ಕಾಲ ನಡೆಯಿತು. ಸಂಖ್ಯಾಶಾಸ್ತ್ರಜ್ಞರಾದ ಮೋಸ್ಟೆಲರ್ ಮತ್ತು ವ್ಯಾಲೆಸ್ 1964ರ ತಮ್ಮ ಪುಸ್ತಕದಲ್ಲಿ ಎಣಿಸಿದ್ದು ‘ಅಪಾನ್’ (‘ಮೇಲೆ’ ಎಂಬ ಅರ್ಥದ ಇಂಗ್ಲಿಷ್ ಪದ) ಥರದ ಸಾದಾ ಪದಗಳನ್ನು. ಹ್ಯಾಮಿಲ್ಟನ್ ಅದನ್ನು ಸಾವಿರ ಪದಕ್ಕೆ ಸುಮಾರು 3 ಸಲ ಬಳಸುತ್ತಿದ್ದರು, ಮ್ಯಾಡಿಸನ್ ಬಳಸಿದ್ದೇ ಅಪರೂಪ. ಅದೊಂದನ್ನೇ ನೆಚ್ಚಿಕೊಳ್ಳದೆ, ಯಾರು ಬರೆದದ್ದೆಂದು ಮೊದಲೇ ಗೊತ್ತಿದ್ದ ಬರಹಗಳಲ್ಲಿ ಇಂಥ ಹತ್ತಾರು ಪದಗಳನ್ನು ಅಳೆದು, ಆಮೇಲೆ ಜಗಳದ ಪ್ರಬಂಧಗಳಿಗೆ ಕೈ ಹಾಕಿದರು. ಉತ್ತರ ಮ್ಯಾಡಿಸನ್ ಕಡೆ ಬಂತು.

ಕನ್ನಡದಲ್ಲಿ ಬರೀ ಪದ ಎಣಿಸಿದರೆ ಸಾಲದು, ಅರ್ಧ ಕೆಲಸ ಪ್ರತ್ಯಯಗಳಲ್ಲೇ ನಡೆಯುತ್ತದೆ. ನಿಮ್ಮ ಲೇಖಕರು ‘ಮತ್ತು’ ಬರೆಯುವವರಾ, ‘ಹಾಗೂ’ ಬರೆಯುವವರಾ, ಇಲ್ಲ ‘ಮಳೆಯೂ ಗಾಳಿಯೂ’ ಎಂದು ಜೋಡಿಸುವವರಾ? ‘ಆದ್ದರಿಂದ’ವೋ ‘ಹಾಗಾಗಿ’ಯೋ? ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಇನ್ನೊಂದು ಮಾತು, ಇದು ಪತ್ರಿಕೆಯಲ್ಲಿ ಕೂತವರಿಗೆ ಬೇಗ ಹೊಳೆಯುತ್ತದೆ: ಬಂದ ಬರಹದ ‘ಅಂತ’ವನ್ನೆಲ್ಲ ‘ಎಂದು’ ಮಾಡುವ ಸಂಪಾದಕರು ಎಲ್ಲ ಕಾಲದಲ್ಲೂ ಇದ್ದಾರೆ, ಹಾಗಾಗಿ ನಿಮಗೆ ಸಿಕ್ಕ ಹೋಲಿಕೆಗಳಲ್ಲಿ ಕೆಲವು ಆ ಪತ್ರಿಕೆಯದ್ದೇ ರೂಢಿ ಆಗಿರಬಹುದು. ಅದೇ ಪತ್ರಿಕೆಯಲ್ಲಿ, ಅದೇ ವರ್ಷಗಳಲ್ಲಿ ಹೆಸರು ಹಾಕಿ ಬರೆದ ಬೇರೆಯವರನ್ನೂ ಪಕ್ಕಕ್ಕೆ ಇಟ್ಟು ನೋಡದೆ ಇದು ತಿಳಿಯುವುದೇ ಇಲ್ಲ, ಅಲ್ವಾ?

ಈ ವಿದ್ಯೆಯಲ್ಲಿ ಪಳಗಿದವರೂ ಎಡವಿದ್ದಾರೆ. 1612ರ ಒಂದು ಶೋಕಗೀತೆಗೆ ‘ಡಬ್ಲ್ಯು. ಎಸ್.’ ಎಂದಷ್ಟೇ ಸಹಿ ಇತ್ತು. ಅದು ಶೇಕ್ಸ್‌ಪಿಯರ್‌ನದ್ದೆಂದು ಸಾಹಿತ್ಯದ ಪ್ರಾಧ್ಯಾಪಕ ಡೊನಾಲ್ಡ್ ಫಾಸ್ಟರ್ ವಾದಿಸಿದರು, ಶೇಕ್ಸ್‌ಪಿಯರ್ ಸಂಪುಟಗಳಿಗೂ ಅದು ಸೇರಿತು. ಜಾನ್ ಫೋರ್ಡ್ ಎಂಬ ಇನ್ನೊಬ್ಬ ನಾಟಕಕಾರನಿಗೆ ಅದು ಹೆಚ್ಚು ಹೊಂದುತ್ತದೆ ಎಂದು ಬೇರೆಯವರು ತೋರಿಸಿದ ಮೇಲೆ, 2002ರಲ್ಲಿ ಫಾಸ್ಟರ್ ಅವರೇ ಒಪ್ಪಿಕೊಂಡರು.

ನೀವು ಹೆಸರಿಸಿದವರು ಬದುಕಿದ್ದಾರೆ, ಅಂಕಣದಲ್ಲಿ ಕೆಲವರ ಮೇಲೆ ಕಟುವಾದ ಮಾತುಗಳಿವೆ. ಹೆಸರು ತಪ್ಪಾದರೆ ಆ ಮಾತುಗಳ ಹೊರೆ ಅವರ ತಲೆಗೆ ಬರುತ್ತದೆ. ಅದಕ್ಕೇ ಇಷ್ಟು ಹಟ ಮಾಡುತ್ತಿದ್ದೇನೆ.

ಹೀಗೆ ಮಾಡಿ. ಆ ಕಾಲದ ನಾಲ್ಕೈದು ಜನರ ಹೆಸರಿರುವ ಬರಹ ತೆಗೆದುಕೊಳ್ಳಿ, ಅಂಕಣಗಳೇ ಆದರೆ ಒಳ್ಳೆಯದು. ಕಾದಂಬರಿಯ ಜೊತೆ ಅಂಕಣ ಹೋಲಿಸಬೇಡಿ. ಹೆಸರು ಮುಚ್ಚಿ ನಿಮ್ಮ ಎಣಿಕೆ ಅವರನ್ನು ಗುರುತಿಸುತ್ತದಾ ನೋಡಿ. ಗುರುತಿಸಿದರೆ ಮಾತ್ರ ಮುಂದೆ ಹೋಗಿ, ಹೊಂದದ ಅಂಕಿಗಳನ್ನೂ ಕೋಷ್ಟಕದಲ್ಲಿ ಬಿಡದೆ ಕೊಡಿ. ಉತ್ತರ ಬೇರೆಯವರ ಕಡೆ ತಿರುಗಿದರೂ, ಯಾರ ಕಡೆಗೂ ತಿರುಗದಿದ್ದರೂ ಕಳಿಸಿ, ಓದಲು ಕಾಯುತ್ತೇನೆ.