ಸಿಎಲ್‌ಎಲ್ ರಿಪೋರ್ಟ್‌ನಲ್ಲಿ ಎಲ್‌ಪಿಎಲ್ ಹೆಚ್ಚು ಎಂದು ಬಂದರೆ ಈಗಲೇ ಚಿಕಿತ್ಸೆ ಬೇಕೆ?

ತಂದೆಯವರ ಸಿಎಲ್‌ಎಲ್ (ಬಿ ಕೋಶಗಳೆಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ರಿಪೋರ್ಟ್‌ನಲ್ಲಿ ಎಲ್‌ಪಿಎಲ್, ಅಂದರೆ ಲೈಪೋಪ್ರೋಟೀನ್ ಲೈಪೇಸ್ ಕಿಣ್ವ, ಹೆಚ್ಚಿದೆ ಎಂದು ಬಂದಿದೆ, ತಕ್ಷಣ ಚಿಕಿತ್ಸೆ ಶುರು ಮಾಡಬೇಕೇ ಎಂದು ಕೇಳಿದ್ದೀರಿ. ಇದೊಂದೇ ಕಾರಣಕ್ಕೆ ಖಂಡಿತ ಬೇಡ.

ಎಲ್‌ಪಿಎಲ್ ಕೊಬ್ಬನ್ನು ಒಡೆಯುವ ಕಿಣ್ವ. ಆರೋಗ್ಯವಂತರ ಬಿ ಕೋಶಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಐಜಿಎಚ್‌ವಿ ಎಂಬ, ಪ್ರತಿಕಾಯ ರೂಪಿಸುವ ಜೀನ್‌ನಲ್ಲಿ ಮ್ಯುಟೇಶನ್ (ಬದಲಾವಣೆ) ಆಗಿರದ ಸಿಎಲ್‌ಎಲ್ ಕೋಶಗಳಲ್ಲಿ ಸಾಮಾನ್ಯವಾಗಿ ಏರಿರುತ್ತದೆ. ಬೇಗ ಮುಂದುವರಿಯುವುದು ಈ ಮ್ಯುಟೇಶನ್ ಇಲ್ಲದ ಬಗೆಯೇ. ಎಷ್ಟೋ ಮಂದಿ ಇದನ್ನು ಉಲ್ಟಾ ಓದಿಕೊಂಡು, ಮ್ಯುಟೇಶನ್ ಇಲ್ಲದಿರುವುದೇ ಒಳ್ಳೆಯದೆಂದು ನೆಮ್ಮದಿಯಾಗಿರುತ್ತಾರೆ. ಹಾಗಾಗಿ ಎಲ್‌ಪಿಎಲ್ ಪರೋಕ್ಷ ಸೂಚನೆಯಷ್ಟೇ. ನೇರವಾಗಿ ತಿಳಿಯಲು ಐಜಿಎಚ್‌ವಿ ಸೀಕ್ವೆನ್ಸಿಂಗ್ (ಜೀನ್‌ನ ಅಕ್ಷರಗಳನ್ನು ಓದುವ ಪರೀಕ್ಷೆ) ಮಾಡಿಸಿ. ಮೂಲ ಜೀನ್‌ನೊಂದಿಗೆ ಹೋಲಿಕೆ ಶೇ 98 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮ್ಯುಟೇಶನ್ ಆಗಿಲ್ಲವೆಂದು ಲೆಕ್ಕ.

ಎಲ್‌ಪಿಎಲ್ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ ಎನ್ನಲು ಕಾರಣವಿದೆ. ರಕ್ತದಿಂದ ಆರ್‌ಎನ್‌ಎ (ಜೀನ್‌ನ ಕೆಲಸದ ಪ್ರತಿ) ತೆಗೆದು, ಪಿಸಿಆರ್‌ನಲ್ಲಿ, ಅಂದರೆ ಅದನ್ನು ಸೈಕಲ್ ಸೈಕಲ್ ಆಗಿ ಇಮ್ಮಡಿಸುತ್ತಾ, ಹೋಲಿಕೆಗಾಗಿ ಇಟ್ಟ ಒಂದು ರೆಫರೆನ್ಸ್ ಜೀನ್ ಜೊತೆ ಅಳೆಯುತ್ತಾರೆ. ಒಂದು ಸೈಕಲ್ ವ್ಯತ್ಯಾಸವೆಂದರೆ ಸುಮಾರು ಎರಡು ಪಟ್ಟು. ಹೆಪಾರಿನ್ ಟ್ಯೂಬ್‌ನಲ್ಲಿ ತೆಗೆದ ರಕ್ತ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ, ಇಡಿಟಿಎ ಟ್ಯೂಬೇ ಆಗಬೇಕು. ಸ್ಯಾಂಪಲ್ ತಡವಾದರೆ ಆರ್‌ಎನ್‌ಎ ಮುರಿಯುತ್ತದೆ, ಆದರೆ ಎರಡೂ ಜೀನ್‌ಗಳದ್ದು ಒಂದೇ ಪ್ರಮಾಣದಲ್ಲಿ ಅಲ್ಲ, ಅನುಪಾತವೇ ಕೆಡುತ್ತದೆ. ಸಿಎಲ್‌ಎಲ್ ಕೋಶಗಳ ಪಾಲು ಕಡಿಮೆಯಿದ್ದು, ಬಿ ಕೋಶಗಳ ಮೇಲಿನ ಸಿಡಿ19 ಗುರುತು ಹಿಡಿದು ಅವನ್ನು ಬೇರ್ಪಡಿಸದೆ ಅಳೆದರೆ ನಿಜಕ್ಕಿಂತ ಕಡಿಮೆ ಕಾಣಬಹುದು. ಎಲ್ಲ ಲ್ಯಾಬ್‌ಗಳೂ ಒಪ್ಪಿದ ಕಟ್‌ಆಫ್ ಇಲ್ಲ, ಆದ್ದರಿಂದ ಎರಡು ಲ್ಯಾಬ್‌ಗಳ ಅಂಕಿ ಪಕ್ಕಪಕ್ಕ ಇಡಬೇಡಿ.

ಸಿಎಲ್‌ಎಲ್ ರಿಪೋರ್ಟ್‌ನಲ್ಲಿ ಕಾಣುವ ಇನ್ನೊಂದು ಪರೋಕ್ಷ ಸೂಚನೆಯಾದ ಝ್ಯಾಪ್-70 ಕೂಡ ಕಿಣ್ವವೇ. ಫ್ಲೋ ಸೈಟೋಮೆಟ್ರಿಯಲ್ಲಿ (ಕೋಶಗಳನ್ನು ಒಂದೊಂದಾಗಿ ಎಣಿಸುವ ಪರೀಕ್ಷೆ) ಸಾಮಾನ್ಯವಾಗಿ ಶೇ 20 ಕೋಶಗಳಲ್ಲಿ ಕಂಡರೆ ಪಾಸಿಟಿವ್ ಎಂಬ ಗೆರೆ ಬಳಸುತ್ತಾರೆ. ಟಿ ಕೋಶಗಳಲ್ಲೂ ಅದು ಸಹಜವಾಗಿಯೇ ಇರುವುದರಿಂದ ಗೇಟಿಂಗ್ (ಎಣಿಸಬೇಕಾದ ಕೋಶಗಳನ್ನು ಆರಿಸುವುದು) ತಪ್ಪಿದರೆ ಪಾಸಿಟಿವ್ ಬಂದುಬಿಡುತ್ತದೆ.

ಭವಿಷ್ಯ ಅಂದಾಜಿಸುವ ಸಿಎಲ್‌ಎಲ್-ಐಪಿಐ ಸ್ಕೋರ್‌ನಲ್ಲಿ ಟಿಪಿ53 (ಕ್ಯಾನ್ಸರ್ ತಡೆಯುವ ಜೀನ್) ದೋಷಕ್ಕೆ 4 ಅಂಕ, ಐಜಿಎಚ್‌ವಿ ಮ್ಯುಟೇಶನ್ ಇಲ್ಲದ್ದಕ್ಕೆ 2. ಎಲ್‌ಪಿಎಲ್‌ಗೆ ಜಾಗವೇ ಇಲ್ಲ. ಚಿಕಿತ್ಸೆ ನಿರ್ಧಾರವಾಗುವುದು ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಇಳಿಯುತ್ತಿದೆಯೇ, ಗುಲ್ಮ ಬಹಳ ಊದಿದೆಯೇ, 6 ತಿಂಗಳಲ್ಲಿ ತೂಕ ಶೇ 10ರಷ್ಟು ಇಳಿಯಿತೇ, ಲಿಂಫೋಸೈಟ್ 6 ತಿಂಗಳೊಳಗೆ ಇಮ್ಮಡಿಯಾಯಿತೇ ಎಂಬಂಥವುಗಳ ಮೇಲೆ. ಇವು ಯಾವುವೂ ಇಲ್ಲದಿದ್ದರೆ ಡಾಕ್ಟರು ಕಾದು ನೋಡೋಣ ಎನ್ನುವುದು ಅಲಕ್ಷ್ಯವಲ್ಲ.

ಐಜಿಎಚ್‌ವಿ ಬದಲಾಗುವುದಿಲ್ಲ, ಒಮ್ಮೆ ಮಾಡಿಸಿದರೆ ಸಾಕು. ಟಿಪಿ53 ಪರೀಕ್ಷೆ ಹಾಗೂ ಆ ಜೀನ್ ಇರುವ 17ಪಿ ಎಂಬ ಕ್ರೋಮೋಸೋಮ್ ಭಾಗ ಕಳೆದುಹೋಗಿದೆಯೇ ಎಂದು ನೋಡುವ ಫಿಶ್ ಪರೀಕ್ಷೆಯನ್ನು ಮಾತ್ರ ಪ್ರತಿ ಸಲ ಚಿಕಿತ್ಸೆ ಶುರುವಾಗುವ ಮುನ್ನ ಹೊಸದಾಗಿ ಕೇಳಿ ಮಾಡಿಸಿ. ದೋಷ ಸಿಕ್ಕರೆ ಹಳೆಯ ಕೀಮೋ ಸರಿಯಾಗಿ ಕೆಲಸ ಮಾಡದು, ಬಿಟಿಕೆ (ಕ್ಯಾನ್ಸರ್ ಕೋಶ ಬೆಳೆಯಲು ನೆರವಾಗುವ ಕಿಣ್ವ) ತಡೆಯುವ ಮಾತ್ರೆ ಅಥವಾ ವೆನೆಟೋಕ್ಲ್ಯಾಕ್ಸ್ ಮಾತ್ರೆ ಕಡೆ ಹೋಗಬೇಕಾಗುತ್ತದೆ.