ಅಂಗಳದ ಕೆಳಗೆ ಹೀಟಿಂಗ್ ಕೇಬಲ್: ಹಾಕಿ ಕಿತ್ತವನ ಉತ್ತರ

ಮಳೆಗಾಲದಲ್ಲಿ ಇಂಟರ್‌ಲಾಕ್ ಅಂಗಳ ಜಾರುತ್ತದೆ, ಕೆನಡಾದಲ್ಲಿ ತಮ್ಮನ ಮನೆ ಎದುರು ಹಿಮ ಕರಗಿಸುವ ಕೇಬಲ್ ನೋಡಿದೆ, ಕುಂಬಳೆಯ ನಮ್ಮ ಮನೆಗೂ ಹಾಕಿಸಬಹುದಾ ಎಂದು ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆದು. 2018ರಲ್ಲಿ ನಾನು ಇದನ್ನೇ ಮಾಡಿದ್ದೆ.

ನಮ್ಮ ಮನೆಯೂ ಕಾಸರಗೋಡು ಜಿಲ್ಲೆಯಲ್ಲೇ, ಬದಿಯಡ್ಕ ಕಡೆ. ಅದಕ್ಕೂ ಮೊದಲು ಎರಡು ವರ್ಷ ಕ್ಯಾಲ್ಗರಿಯಲ್ಲಿ ಇಂಟರ್‌ಲಾಕ್ ಹಾಸುವ ತಂಡದಲ್ಲಿದ್ದೆ. ಕೆಲವು ಮನೆಗಳಿಗೆ ಈ ಕೇಬಲ್ ಹಾಕುತ್ತಿದ್ದೆವು. ಜಲ್ಲಿ ಹಾಕಿ ಗಟ್ಟಿ ಮಾಡುವುದು, ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಹಾವಿನ ಹಾಗೆ ಹೋಗಿ ಬರುವ ಕೇಬಲ್ ಕಟ್ಟುವುದು, ಅದು ಮುಚ್ಚುವಷ್ಟು ಮರಳು, ಆಮೇಲೆ ಕಲ್ಲು. ಸಾಲಿಂದ ಸಾಲಿಗೆ ಹತ್ತು ಸೆಂಟಿಮೀಟರ್. ಚದರ ಮೀಟರಿಗೆ 300 ವ್ಯಾಟ್ ಆಸುಪಾಸು. "ಕೇಬಲ್ ಕಡಿಯಬೇಡ, ಒಂದರ ಮೇಲೊಂದು ಹಾಯಿಸಬೇಡ" ಎಂದು ಮೇಸ್ತ್ರಿ ದಿನಾ ಹೇಳುತ್ತಿದ್ದ. ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಊರಿಗೆ ಬಂದ ಮಳೆಗಾಲದಲ್ಲಿ ಅಪ್ಪ ದನದ ಹಟ್ಟಿಗೆ ಹೋಗುವಾಗ ಹಾವಸೆಯ (ಪಾಚಿಯ) ಮೇಲೆ ಜಾರಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ನನಗೆ ಕೆನಡಾದ ವಿದ್ಯೆ ನೆನಪಾಯಿತು. ಆನ್‌ಲೈನ್‌ನಲ್ಲಿ ಕೇಬಲ್ ತರಿಸಿದೆ. 230 ವೋಲ್ಟಿನದ್ದು, 50 ಮೀಟರ್, 1500 ವ್ಯಾಟ್. ಮುಂದಿನ ಮೇ ತಿಂಗಳಲ್ಲಿ ಜಗಲಿಯಿಂದ ಹಟ್ಟಿಯ ತನಕ ನಾಲ್ಕು ಮೀಟರ್ ಉದ್ದ, ಒಂದು ಮೀಟರ್ ಅಗಲಕ್ಕೆ ಕಲ್ಲು ಎಬ್ಬಿಸಿ ಕೇಬಲ್ ಹಾಸಿದೆ. ಅಷ್ಟು ಜಾಗಕ್ಕೆ 40 ಮೀಟರ್ ಸಾಕಾಯಿತು. ಹತ್ತು ಮೀಟರ್ ಉಳಿಯಿತು. ಕೆಲಸದವರು ಪಕ್ಕದಲ್ಲಿ ಬೀಡಿ ಸೇದುತ್ತಾ ಕಾಯುತ್ತಿದ್ದರು. ನಾನು ಕಡಿದೇಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಈಗಲೂ ಜನ ಇದನ್ನು ಮಾಮೂಲು ವಯರ್ ಎಂದುಕೊಳ್ಳುತ್ತಾರೆ. ಮಾಮೂಲು ವಯರನ್ನು ಎಲ್ಲಿ ಬೇಕಾದರೂ ಕಡಿಯಬಹುದು. ಇದು ಹಾಗಲ್ಲ, ಇಡೀ ಕೇಬಲ್ಲೇ ಒಂದು ಹೀಟರ್ ಕಾಯಿಲ್ ಇದ್ದ ಹಾಗೆ. 50 ಮೀಟರ್ ಇದ್ದಾಗ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 35 ಓಮ್. ಮೀಟರಿಗೆ 30 ವ್ಯಾಟ್ ಬಿಸಿ. 40 ಮೀಟರಿಗೆ ಇಳಿಸಿದರೆ ರೆಸಿಸ್ಟೆನ್ಸ್ 28 ಓಮ್‌ಗೆ ಇಳಿಯುತ್ತದೆ, ಕರೆಂಟ್ ಜಾಸ್ತಿ ಹರಿಯುತ್ತದೆ. ತೋಟಕ್ಕೆ ನೀರು ಬಿಡುವ ಪೈಪ್ ಗಿಡ್ಡ ಮಾಡಿದರೆ ನೀರು ಜೋರಾಗುತ್ತದಲ್ವಾ, ಹಾಗೆ. ಒಟ್ಟು ಬಿಸಿ 1880 ವ್ಯಾಟಿನ ಹತ್ತಿರ ಹೋಯಿತು, ಮೀಟರಿಗೆ 47. ಉದ್ದ ಕಡಿಮೆಯಾದರೆ ಬಿಸಿಯೂ ಕಡಿಮೆ ಎಂದು ನಾನು ಎಣಿಸಿದ್ದೆ. ಪೂರ್ತಿ ಉಲ್ಟಾ. ಅದರ ಮೇಲೆ, ಅಲ್ಲಿ ಸುತ್ತಲೂ ಹಿಮ ಇದ್ದು ಕೇಬಲ್ ತಣ್ಣಗಿರುತ್ತದೆ. ಇಲ್ಲಿ ಮಣ್ಣೇ ಬೆಚ್ಚಗೆ. ಕೇಬಲ್‌ನ ತುದಿಗೆ ಕಂಪನಿಯವರು ನೀರು ಹೋಗದ ಹಾಗೆ ಮುಚ್ಚಿ ಕೊಟ್ಟಿರುತ್ತಾರೆ. ಅದನ್ನೂ ಕಡಿದು, ಒಳಗಿನ ಎರಡು ತಂತಿ ಸೇರಿಸಿ ಟೇಪ್ ಸುತ್ತಿ ಸಿಲಿಕೋನ್ ಮೆತ್ತಿದ್ದೆ. (ಬೇಕಾದಷ್ಟಕ್ಕೆ ಕಡಿಯಬಹುದಾದ ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್ ಬೇರೆಯೇ ಇದೆ. ನನ್ನದು ಅದಲ್ಲ.)

ಮೊದಲ ವಾರ ಭಾರೀ ಖುಷಿ. ಬೆಕ್ಕು ಜಗಲಿ ಬಿಟ್ಟು ಅಲ್ಲೇ ಮಲಗಲು ಶುರುಮಾಡಿತು. ಅಪ್ಪ ಬರಿಗಾಲಿಟ್ಟು ನೋಡಿ, "ಎಂತ ಮಾರಾಯ, ಅಂಗಳಕ್ಕೆ ಜ್ವರ ಬಂತಾ?" ಎಂದರು. ಜೂನ್ ಮೂರನೇ ವಾರ ರಾತ್ರಿ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬಿದ್ದು ಮನೆಯೆಲ್ಲ ಕತ್ತಲೆ. ಎತ್ತಿದರೆ ಮತ್ತೆ ಬೀಳುತ್ತದೆ. ಪಕ್ಕದ ಮನೆಯ ಹುಡುಗನೊಬ್ಬ ಅದನ್ನು ಬೈಪಾಸ್ ಮಾಡಿಕೊಡುತ್ತೇನೆ ಎಂದ. ಅವನ ಮಾತು ಕೇಳಿದ್ದರೆ ಒದ್ದೆ ಅಂಗಳದಲ್ಲಿ ಯಾರಾದರೂ ಹೋಗಿಬಿಡುತ್ತಿದ್ದರು. ಎಲೆಕ್ಟ್ರಿಷಿಯನ್ ಬಂದು ಇನ್ಸುಲೇಶನ್ ಅಳೆಯುವ ಮೆಗ್ಗರ್ ಇಟ್ಟು ನೋಡಿದರು, ಇನ್ಸುಲೇಶನ್ ಹೋಗಿತ್ತು. ಮಳೆಯಲ್ಲಿ ನೆನೆಯುತ್ತಾ ಕಲ್ಲು ಕಿತ್ತೆ. ನಾನು ಮಾಡಿದ ಜಾಯಿಂಟಿನಲ್ಲಿ ನೀರು, ಎರಡು ಕಡೆ ಹೊದಿಕೆ ಮೆತ್ತಗಾಗಿ ಉಬ್ಬಿತ್ತು.

ಹಾಗಾದರೆ ಕಡಿಯದೆ ಹಾಕಿದರೆ ಆಗುತ್ತದಾ ಎಂದು ನೀವು ಕೇಳಬಹುದು. ಇಲ್ಲ. ಅಲ್ಲಿ ಹಿಮವನ್ನು ಕರಗಿಸಿದರೆ ಸಾಕು, ನೀರು ತಾನೇ ಹರಿದು ಹೋಗುತ್ತದೆ. ಇಲ್ಲಿ ನಿಮಗೆ ಬೇಕಾದದ್ದು ನೀರನ್ನು ಆವಿ ಮಾಡುವುದು. ಒಂದು ಕೆ.ಜಿ. ಹಿಮ ಕರಗಿಸಲು ಬೇಕಾಗುವುದರ ಏಳು ಪಟ್ಟು ಶಾಖ ಅಷ್ಟೇ ನೀರನ್ನು ಆರಿಸಲು ಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್. 300 ವ್ಯಾಟಿನಲ್ಲಿ ಅದಕ್ಕೇ ಎರಡು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ನಮ್ಮಲ್ಲಿ ಜುಲೈಯಲ್ಲಿ ದಿನಕ್ಕೆ 100 ಮಿ.ಮೀ. ಸುರಿಯುವುದೂ ಇದೆ. ಇನ್ನು ಅದರ ಜೊತೆ ಬರುವ ಸೆನ್ಸರ್ ತೇವದ ಜೊತೆಗೆ ಹೆಪ್ಪುಗಟ್ಟುವ ಚಳಿಯೂ ಇದ್ದರೆ ಮಾತ್ರ ಆನ್ ಮಾಡುತ್ತದೆ. ಕಾಸರಗೋಡಿನಲ್ಲಿ ಅದು ಜನ್ಮದಲ್ಲಿ ಆನ್ ಆಗುವುದಿಲ್ಲ! ಸುಮ್ನೆ ಸ್ವಿಚ್ ಹಾಕಿ ಬಿಟ್ಟರೆ 1500 ವ್ಯಾಟಿಗೆ ದಿನಕ್ಕೆ 36 ಯೂನಿಟ್. ಎರಡು ತಿಂಗಳ ಬಿಲ್ ಬಂದಾಗ ನೀವೇ ಬಿಸಿಯಾಗುತ್ತೀರಿ.

ನಿಮ್ಮ ತಮ್ಮ ಅಲ್ಲಿ ಹೊಸದಾಗಿ ಹಾಕಿಸುವುದಿದ್ದರೆ ಮಾತು ಬೇರೆ, ಹಾಕಿಸಲಿ. ಜಾಗ ಅಳೆದು, ಅದಕ್ಕಿಂತ ಉದ್ದವಾಗದ ಕೇಬಲ್ ತರಲಿ. ಬಾಕ್ಸ್ ತೆರೆದಾಗ, ಜಾಲರಿಗೆ ಕಟ್ಟಿದ ಮೇಲೆ, ಕಲ್ಲು ಹಾಸಿದ ಮೇಲೆ, ಮೂರು ಸಲವೂ ಓಮ್ ಅಳೆದು ಬರೆದಿಡಲಿ. ಕಲ್ಲನ್ನು ಕೂರಿಸಲು ಕುಟ್ಟುವ ಯಂತ್ರ ಓಡಿಸುವಾಗ ಕೇಬಲ್ ಏಟು ತಿನ್ನುವುದೂ ಇದೆ.

ನೀವು ಮಾಡಿನ (ಛಾವಣಿಯ) ನೀರು ಅಂಗಳಕ್ಕೆ ಬೀಳದ ಹಾಗೆ ನೀರು ಹರಿದುಹೋಗುವ ದಂಬೆ ಕಟ್ಟಿಸಿ. ಅಂಗಳದ ಮೇಲೆ ಹಲಸಿನ ಗೆಲ್ಲು ಬಾಗಿದ್ದರೆ ಕಡಿಸಿ, ಬಿಸಿಲು ಬೀಳಲಿ. ಮಳೆಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ನಯವಾದ ಬಣ್ಣದ ಇಂಟರ್‌ಲಾಕ್ ಆಗಿದ್ದರೆ ನಡೆಯುವಷ್ಟು ಜಾಗಕ್ಕಾದರೂ ಒರಟು ಕಲ್ಲು ಹಾಕಿಸಿ. ನಮ್ಮಲ್ಲಿ ಈಗ ಹಟ್ಟಿಯ ದಾರಿಗೆ ಅಜ್ಜನ ಕಾಲದ ಹಾಗೆ ಅಡಿಕೆ ಮರದ ಸಲಕೆ (ಸೀಳಿದ ಪಟ್ಟಿ) ಹಾಸುತ್ತೇವೆ. ಅಪ್ಪ ಮತ್ತೆ ಜಾರಿಲ್ಲ.

ಕಡಿದು ಉಳಿದ ಆ ಹತ್ತು ಮೀಟರ್ ಹಟ್ಟಿಯ ಹಿಂದೆ ಬಟ್ಟೆ ಹಾಕುವ ಹಗ್ಗವಾಗಿದೆ. ಮಳೆಗಾಲದಲ್ಲಿ ಅದರ ಮೇಲೂ ಏನೂ ಒಣಗುವುದಿಲ್ಲ.